ಮಾಲಂಗಿ ಮಡುವಿನ ರಾಣಿ: ಶಾಪದ ಕಥೆಯನ್ನು ಹೆಣ್ಣಿನ ಕಡೆಯಿಂದ ಹೇಳುವ ಬಗೆ

ಕಾವೇರಿಯು ಶ್ರೀರಂಗಪಟ್ಟಣವನ್ನು ಬಳಸಿ, ತಿರುಮಕೂಡಲಿನಲ್ಲಿ ಕಪಿಲೆಯನ್ನು ಕೂಡಿಕೊಂಡು, ತಲಕಾಡಿನ ಬಳಿ ದೊಡ್ಡದಾಗಿ ಬಳುಕಿ, ಆ ಮೇಲೆ ನಮ್ಮ ಕೊಳ್ಳೇಗಾಲದ ಸೀಮೆಯನ್ನು ಸೇರಿ ಶಿವನಸಮುದ್ರದಲ್ಲಿ ಧುಮುಕುತ್ತದೆ. ಆ ಬಳುಕಿನಲ್ಲಿ, ತಲಕಾಡಿಗೆ ಎದುರು ದಡದಲ್ಲಿ, ಮಾಲಂಗಿಯೆಂಬ ಊರು. ಅಲ್ಲಿಯ ಮಡುವಿನಲ್ಲಿ ಒಬ್ಬ ರಾಣಿ ಮುಳುಗಿದಳೆಂಬ ಕಥೆಯನ್ನು ಕೇಳದೆ ಬೆಳೆದ ಹೆಣ್ಣುಮಕ್ಕಳು ಕೊಳ್ಳೇಗಾಲ, ಹನೂರು, ಯಳಂದೂರುಗಳಲ್ಲಿ ವಿರಳ. 1956ನೆಯ ಇಸವಿಯ ನವೆಂಬರಿನವರೆಗೆ ಕೊಳ್ಳೇಗಾಲವು ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಯಳಂದೂರು ಮೈಸೂರು ಸಂಸ್ಥಾನದೊಳಗೆ ಪೂರ್ಣಯ್ಯನವರ ಜಹಗೀರಾಗಿದ್ದಿತು. ರಾಜ್ಯಗಳ ಗಡಿ ಬೇರೆಯಾಗಿದ್ದರೂ ಕಥೆಗೆ ಗಡಿಯಿರಲಿಲ್ಲ. ಹೊಳೆಯೊಂದಿಗೆ ಅದೂ ಹರಿದು ಬಂದಿತು.

ಕಥೆಯನ್ನು ನಾವೆಲ್ಲರೂ ಭಯದ ಕಥೆಯಾಗಿ ಕೇಳಿದೆವು. ಹೊತ್ತು ಮುಳುಗಿದ ಮೇಲೆ ನೀರಿನ ಹತ್ತಿರ ಸುಳಿಯಬೇಡಿರೆಂದು ಹಿರಿಯರು ಗದರಿಸುವಾಗ ರಾಣಿಯ ಹೆಸರು ಬರುತ್ತಿದ್ದಿತು. ಆದರೆ ಅದೇ ಕಥೆಯನ್ನು ಅವಳ ಕಡೆಯಿಂದ ನೋಡಿದರೆ ಅದರೊಳಗೆ ಭಯವಲ್ಲ, ಪ್ರೀತಿಯೇ ಮುಖ್ಯವಾಗಿ ಕಾಣುತ್ತದೆ. ಹೀಗೆ ತಿರುಗಿ ಹೇಳುವುದು ಹೇಗೆ, ಅದರಿಂದ ಪ್ರಯೋಜನವೇನು ಎಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಅವರ ತಂದೆತಾಯಿಗಳಿಗೂ ವಿವರಿಸುವುದೇ ಈ ಲೇಖನದ ಉದ್ದೇಶವು.

ಮೊದಲು ಐತಿಹ್ಯವನ್ನು ಸಂಗ್ರಹವಾಗಿ ಹೇಳುವೆವು. ವಿಜಯನಗರದ ಅರಸರ ಪ್ರತಿನಿಧಿಯಾಗಿ ಶ್ರೀರಂಗಪಟ್ಟಣವನ್ನು ಆಳುತ್ತಿದ್ದವನು ಶ್ರೀರಂಗರಾಯ. ಅವನಿಗೆ ವಾಸಿಯಾಗದ ಕೆಟ್ಟ ವ್ರಣವೆದ್ದಿತು. ವೈದ್ಯರಿಂದ ಗುಣವಾಗದಿರಲು, ತಲಕಾಡಿನ ವೈದ್ಯೇಶ್ವರನ ಸನ್ನಿಧಿಯಲ್ಲಿ ಸೇವೆ ಮಾಡುವುದಕ್ಕಾಗಿ ಹೊರಟುಹೋದನು. ಗಂಡನಿಗೆ ಅಂತ್ಯಕಾಲ ಸಮೀಪಿಸಿತೆಂಬ ಸುದ್ದಿ ಬರುತ್ತಲೇ ರಾಣಿಯಾದ ಅಲಮೇಲಮ್ಮನು ಪಟ್ಟಣವನ್ನು ಮೈಸೂರಿನ ರಾಜ ಒಡೆಯರ ವಶಕ್ಕೆ ಕೊಟ್ಟು ತಲಕಾಡಿಗೆ ಧಾವಿಸಿದಳು. ಅವಳ ಬಳಿ ಬೆಲೆಯುಳ್ಳ ಒಡವೆಗಳಿದ್ದುವು. ಮಂಗಳವಾರ ಶುಕ್ರವಾರಗಳಲ್ಲಿ ಅವನ್ನು ಶ್ರೀರಂಗಪಟ್ಟಣದ ರಂಗನಾಯಕಿ ಅಮ್ಮನವರಿಗೆ ತೊಡಿಸುವ ವಾಡಿಕೆಯಿದ್ದಿತು. ಒಡೆಯರು ಆ ಒಡವೆಗಳನ್ನು ಕೇಳಿ ಕಳುಹಿಸಿದರು. ಅವಳು ದೊಡ್ಡ ಮುತ್ತಿನ ಮೂಗುತಿಯೊಂದನ್ನು ಮಾತ್ರ ಕೊಟ್ಟಳು. ಉಳಿದುವನ್ನು ತರಲು ದಂಡು ಬಂದಾಗ, ಒಡವೆಯ ಗಂಟನ್ನು ಮಡಿಲಲ್ಲಿ ಕಟ್ಟಿಕೊಂಡು ಮಾಲಂಗಿಯ ಮಡುವಿಗೆ ಬಿದ್ದಳು. ಬೀಳುವ ಮುನ್ನ ಮೂರು ಶಾಪಗಳನ್ನಿಟ್ಟಳು: ತಲಕಾಡಿಗೆ ಮರಳು, ಮಾಲಂಗಿಗೆ ಮಡು, ಮೈಸೂರು ದೊರೆಗಳಿಗೆ ಸಂತಾನಹೀನತೆ. ಒಡೆಯರು ಪಶ್ಚಾತ್ತಾಪಪಟ್ಟು ಅವಳ ಪ್ರತಿಮೆಯನ್ನು ಮಾಡಿಸಿ ಅರಮನೆಯಲ್ಲಿ ಪೂಜೆಯನ್ನು ಏರ್ಪಡಿಸಿದರೆಂದು ಪ್ರಸಿದ್ಧಿ.

ಇನ್ನು ಚರಿತ್ರೆಯ ಮಾತು. ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಪಡೆದದ್ದು 1610ರಲ್ಲಿ. ಆ ವರುಷವೇ ಅಲ್ಲಿ ನವರಾತ್ರಿಯ ಉತ್ಸವವನ್ನು ಆರಂಭಿಸಿದರು. ಇತಿಹಾಸಕಾರರು ಆ ಪ್ರತಿನಿಧಿಯನ್ನು ತಿರುಮಲರಾಜನೆಂದು ಕರೆಯುತ್ತಾರೆ. ಪಟ್ಟಣವು ಕೈಬದಲಾದದ್ದು ಒಪ್ಪಂದದಿಂದಲೋ ಬಲದಿಂದಲೋ ಎಂಬ ವಿಷಯದಲ್ಲಿ ಅವರಲ್ಲಿ ಒಮ್ಮತವಿಲ್ಲ. ಬೆಂಗಳೂರಿನಲ್ಲಿ ಪಾದ್ರಿಯೊಬ್ಬರ ಮಗನಾಗಿ 1837ರಲ್ಲಿ ಹುಟ್ಟಿ, ನಮ್ಮ ನಾಡಿನ ಶಾಸನಗಳನ್ನೆಲ್ಲ ಶೋಧಿಸಿದ ಬಿ. ಎಲ್. ರೈಸರವರು ತಮ್ಮ ಮೈಸೂರು ಗ್ಯಾಸೆಟಿಯರಿನಲ್ಲಿ ಈ ಐತಿಹ್ಯವನ್ನು ಬರೆದಿಟ್ಟಿದ್ದಾರೆ. ಅವರು ಕೇಳಿದ ಕಥೆಯಲ್ಲಿ ರಾಣಿಯ ಹೆಸರು ಅಲಮೇಲಮ್ಮನಲ್ಲ, ರಂಗಮ್ಮ. ಅವಳು ರಾಯನ ಎರಡನೆಯ ಹೆಂಡತಿ. ವಾಚಕರು ಇದನ್ನು ಗಮನಿಸಬೇಕು. ಗೆದ್ದ ಪಟ್ಟಣದ ಹೆಸರು, ಗೆದ್ದವರ ಹೆಸರು, ಗೆದ್ದ ವರುಷ ಇವೆಲ್ಲವೂ ಸ್ಥಿರವಾಗಿ ನಿಂತಿವೆ. ಹೆಣ್ಣಿನ ಹೆಸರು ಮಾತ್ರ ಬಾಯಿಂದ ಬಾಯಿಗೆ ಹೋಗುವಾಗ ಬದಲಾಗಿಬಿಟ್ಟಿದೆ.

ಶಾಪವು ಫಲಿಸಿತೇ ಎಂದು ಕೇಳುವವರಿಗೆ ಉತ್ತರ ಹೇಳದೆ ಮುಂದುವರಿಯುವುದು ಸರಿಯಲ್ಲ. ನದಿಯು ಬಳುಕುವ ಕಡೆಯಲ್ಲಿ ಒಳದಂಡೆಗೆ ಮರಳು ಕೂಡುವುದೂ, ಹೊರದಂಡೆಯನ್ನು ನೀರು ಕೊರೆದು ಆಳ ಮಾಡುವುದೂ ಲೋಕದ ಎಲ್ಲ ಹೊಳೆಗಳ ಸ್ವಭಾವ. ಬೇಸಿಗೆಯಲ್ಲಿ ಒಣಗಿದ ಪಾತ್ರದ ಮರಳನ್ನು ನೈಋತ್ಯದ ಗಾಳಿ ಎತ್ತಿ ದಡಕ್ಕೆ ಹಾಕುತ್ತದೆ. ದಿಬ್ಬಗಳು ವರುಷಕ್ಕೆ ಒಂಬತ್ತು ಹತ್ತು ಅಡಿಗಳಂತೆ ಊರಿನ ಮೇಲೆ ಏರಿ ಬರುತ್ತಿದ್ದುವೆಂದು ರೈಸರವರು ಬರೆದಿದ್ದಾರೆ. ತಲಕಾಡಿನ ಮೇಲ್ಗಡೆ ವಿಜಯನಗರದ ಕಾಲದಲ್ಲಿ ಕಟ್ಟಿದ ಮಾಧವಮಂತ್ರಿಯ ಕಟ್ಟೆಯಿಂದ ನೀರಿನ ಓಟ ಬದಲಾದದ್ದೂ ಇದಕ್ಕೆ ಕಾರಣವೆಂದು ಕೆಲವು ವಿದ್ವಾಂಸರ ಅಭಿಪ್ರಾಯ. ಗಂಗರ ರಾಜಧಾನಿಯಾಗಿದ್ದ ಊರು, ಹೊಯ್ಸಳ ವಿಷ್ಣುವರ್ಧನನು 1117ರಲ್ಲಿ ಕೀರ್ತಿನಾರಾಯಣನನ್ನು ಸ್ಥಾಪಿಸಿದ ಊರು, ಹೀಗೆ ಮರಳಿನಲ್ಲಿ ಹೂತುಹೋದುದು ಗಾಳಿಯ ಮತ್ತು ನೀರಿನ ಕೆಲಸ.

ಮೂರನೆಯ ಶಾಪದ ಲೆಕ್ಕವೂ ಸರಿಹೊಂದುವುದಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ದತ್ತು ತೆಗೆದುಕೊಂಡರು. ನಾಲ್ವಡಿಯವರಿಗೆ ಮಕ್ಕಳಿಲ್ಲದೆ 1940ರಲ್ಲಿ ತಮ್ಮನ ಮಗ ಜಯಚಾಮರಾಜ ಒಡೆಯರು ಪಟ್ಟಕ್ಕೆ ಬಂದರು. 2015ರಲ್ಲಿ ಮತ್ತೆ ದತ್ತು ಸ್ವೀಕಾರವಾಯಿತು. ಇವನ್ನು ಜನರು ಬೆರಳು ಮಡಿಸಿ ಎಣಿಸುತ್ತಾರೆ. ಆದರೆ ಚಿಕ್ಕದೇವರಾಜ ಒಡೆಯರ ತರುವಾಯ 1704ರಲ್ಲಿ ಅವರ ಮಗನೂ, 1714ರಲ್ಲಿ ಆ ಮಗನ ಮಗನೂ ಸಾಲಾಗಿ ಪಟ್ಟವೇರಿದುದನ್ನು ಯಾರೂ ಎಣಿಸುವುದಿಲ್ಲ. 2017ರಲ್ಲಿ ಆ ಮನೆತನದಲ್ಲಿ ಗಂಡು ಮಗು ಹುಟ್ಟಿತು. ಕೂಡಿಬಂದುದನ್ನು ನೆನಪಿಟ್ಟು ಕೂಡದುದನ್ನು ಮರೆಯುವುದು ಮನುಷ್ಯರ ರೂಢಿ.

ಹಾಗಾದರೆ ಈ ಕಥೆಯನ್ನು ಮೂಢನಂಬಿಕೆಯೆಂದು ಬಿಸಾಡಿಬಿಡೋಣವೇ? ನಮಗೆ ಹಾಗೆ ತೋರುವುದಿಲ್ಲ. ಶಾಪ ಸುಳ್ಳಾದರೂ, ನಾಲ್ಕು ನೂರು ವರುಷಗಳವರೆಗೆ ಜನರು ಮರೆಯದೆ ಕಾಪಾಡಿಕೊಂಡು ಬಂದ ದುಃಖವು ಸುಳ್ಳಲ್ಲ. ಒಬ್ಬ ಹೆಂಗಸಿಗೆ ಅನ್ಯಾಯವಾಯಿತೆಂಬ ಅರಿವು ಜನರ ಮನಸ್ಸಿನಲ್ಲಿ ಉಳಿದಿತ್ತು. ಅದನ್ನು ಹೇಳಲು ಅವರಿಗೆ ಸಿಕ್ಕಿದ ಭಾಷೆ ಶಾಪದ ಭಾಷೆ.

ಆದರೆ ಆ ಭಾಷೆಯಲ್ಲಿ ಒಂದು ದೋಷವುಂಟು. ಅಕಾಲದಲ್ಲಿ ಸತ್ತ ಹೆಣ್ಣಿಗೆ ನಮ್ಮ ನಾಡಿನ ನಂಬಿಕೆಯು ಎರಡೇ ಸ್ಥಾನಗಳನ್ನು ಕೊಟ್ಟಿದೆ. ಒಂದು ದೆವ್ವದ ಸ್ಥಾನ, ಇನ್ನೊಂದು ದೇವತೆಯ ಸ್ಥಾನ. ದೆವ್ವವಾದರೆ ಅವಳಿಗೆ ಅಂಜಬೇಕು. ದೇವತೆಯಾದರೆ ಅವಳಿಗೆ ಕೈಮುಗಿಯಬೇಕು. ಹೊಳೆಯ ದಡದ ಜನರು ಮೊದಲನೆಯದನ್ನು ಮಾಡಿದರು, ಅರಮನೆಯವರು ಎರಡನೆಯದನ್ನು ಮಾಡಿದರು. ಅವಳನ್ನು ನಮ್ಮಂತೆಯೇ ಒಬ್ಬ ಹೆಂಗಸೆಂದು ನೋಡುವ ಮೂರನೆಯ ದಾರಿಯನ್ನು ಯಾರೂ ಹಿಡಿಯಲಿಲ್ಲ. ಇಡೀ ಕಥೆಯಲ್ಲಿ ಅವಳು ಬಾಯಿಬಿಡುವುದು ಒಂದೇ ಸಾರಿ, ಅದೂ ಸಾಯುವಾಗ.

ತರಗತಿಯೊಂದರಲ್ಲಿ ಈ ಕಥೆಯನ್ನು ಹೇಳುತ್ತಿದ್ದಾಗ ಹುಡುಗಿಯೊಬ್ಬಳು ಎದ್ದು, ‘ಅಮ್ಮಾ, ಗಂಡನನ್ನು ನೋಡುವುದಕ್ಕೆಂದು ಅಲ್ಲವೇ ಅವಳು ಪಟ್ಟಣವನ್ನು ಬಿಟ್ಟು ಬಂದದ್ದು? ಅವನನ್ನು ಕಂಡಾಗ ಏನು ಹೇಳಿದಳು?’ ಎಂದು ಕೇಳಿದಳು. ನಾವು ನಿರುತ್ತರರಾದೆವು. ಅದುವರೆಗೆ ನಮ್ಮಲ್ಲಿ ಯಾರಿಗೂ ಆ ಪ್ರಶ್ನೆ ಹುಟ್ಟಿರಲಿಲ್ಲ. ಕಥೆಯು ಒಡವೆಯ ಹಿಂದೆ ಓಡುತ್ತದೆ, ದಂಡಿನ ಹಿಂದೆ ಓಡುತ್ತದೆ, ಒಡೆಯರ ಸಂತಾನದ ಹಿಂದೆ ನಾಲ್ಕು ಶತಮಾನ ಓಡುತ್ತದೆ. ರೋಗಿಯಾದ ಗಂಡನ ಹಾಸಿಗೆಯ ಪಕ್ಕದಲ್ಲಿ ಒಂದು ಗಳಿಗೆಯೂ ನಿಲ್ಲುವುದಿಲ್ಲ. ಆದರೆ ಈ ಎಲ್ಲಕ್ಕೂ ಮೂಲವಾದ ಕಾರ್ಯವೆಂದರೆ, ರಾಜ್ಯವನ್ನು ಕಡೆಗಣಿಸಿ ಗಂಡನ ಮುಖವನ್ನು ನೋಡಲು ಅವಳು ಹೊರಟದ್ದೇ. ಅದು ಪ್ರೀತಿಯ ಕೆಲಸವಲ್ಲದೆ ಮತ್ತೇನು?

ಹೆಣ್ಣಿನ ಬಾಯಿಂದ ಕಥೆ ಹೇಳಿಸುವುದು ಪರದೇಶದಿಂದ ತಂದ ಹೊಸ ಪದ್ಧತಿಯೆಂದು ಯಾರೂ ತಿಳಿಯಬಾರದು. ಅದರ ಮೇಲ್ಪಂಕ್ತಿ ನಮ್ಮ ಮೂರು ಊರುಗಳ ಸುತ್ತಿನಲ್ಲಿಯೇ ಇದೆ. ಹನೂರಿನ ಆಚೆಗಿನ ಮಲೆಯ ಮಾದೇಶ್ವರನ ಕಾವ್ಯವನ್ನು ಕಂಸಾಳೆಯವರೂ ದೇವರಗುಡ್ಡರೂ ಹಾಡುತ್ತ ಬಂದಿದ್ದಾರೆ. ಅದರಲ್ಲಿ ಸಂಕಮ್ಮನ ಸಾಲು ಎಂಬ ಭಾಗವುಂಟು. ಗಂಡ ನೀಲೇಗೌಡನು ಕಾಡಿಗೆ ಹೊರಡುವಾಗ, ತಾನಿಲ್ಲದ ಕಾಲದಲ್ಲಿ ತಪ್ಪಿ ನಡೆಯುವುದಿಲ್ಲವೆಂದು ಬಲಗೈ ಮುಟ್ಟಿ ಭಾಷೆ ಕೊಡೆಂದು ಹೆಂಡತಿಯನ್ನು ಕೇಳುತ್ತಾನೆ. ತಪ್ಪು ಮಾಡದವಳು ಭಾಷೆಯನ್ನೇಕೆ ಕೊಡಬೇಕೆಂದು ಸಂಕಮ್ಮ ಒಪ್ಪುವುದಿಲ್ಲ. ಅವನು ಕೊಟ್ಟ ಹಿಂಸೆಯನ್ನೆಲ್ಲ ಸಹಿಸುತ್ತಾಳೆ, ಭಾಷೆಯನ್ನು ಮಾತ್ರ ಕೊಡುವುದಿಲ್ಲ. ಅವಳು ಶಾಪ ಹಾಕುವುದಿಲ್ಲ, ಸಾಯುವುದೂ ಇಲ್ಲ, ಬದುಕಿದ್ದು ವಾದಿಸುತ್ತಾಳೆ. ಮಾದೇಶ್ವರನೇ ಅವಳಿದ್ದ ಕಡೆಗೆ ನಡೆದು ಬಂದು ಬಿಡಿಸುತ್ತಾನೆ. ಓದು ಬರಹ ಬಾರದ ಗಾಯಕರು ಹೆಣ್ಣಿನ ಮಾತಿಗೆ ಇಷ್ಟು ಎಡೆಯನ್ನು ಬಿಟ್ಟಿದ್ದಾರೆ.

ಯಳಂದೂರಿನ ಸೀಮೆಯಲ್ಲಿ ಬಿಳಿಗಿರಿರಂಗನು ಸೋಲಿಗರ ಹುಡುಗಿ ಕುಸುಮಾಲೆಯನ್ನು ಒಲಿದು ಮದುವೆಯಾದನೆಂಬ ಕಥೆಯುಂಟು. ಆದಕಾರಣ ಸೋಲಿಗರು ರಂಗನನ್ನು ಒಡೆಯನೆಂದು ಮಾತ್ರವಲ್ಲ, ಭಾವನೆಂದೂ ಕರೆಯುತ್ತಾರೆ. ಹೆಣ್ಣಿನ ತವರಿನವರು ಹೇಳಿದುದರಿಂದಲೇ ದೇವರ ಕಥೆಯು ಬೀಗತನದ ಕಥೆಯಾಯಿತು. ಯಾರ ಮನೆಯಿಂದ ಕಥೆ ಹೊರಡುತ್ತದೆಯೋ ಆ ಮನೆಯ ಸಂಬಂಧವಾಚಕವೇ ಅದಕ್ಕೆ ಅಂಟಿಕೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ.

ಮೂರನೆಯದು ಇನ್ನೂ ಹತ್ತಿರದ್ದು. ‘ಹದಿಬದೆಯ ಧರ್ಮ’ವನ್ನು ಬರೆದ ಸಂಚಿಯ ಹೊನ್ನಮ್ಮನವರು ಯಳಂದೂರಿನವರು. ಚಿಕ್ಕದೇವರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯವರ ಊಳಿಗದಲ್ಲಿ ಎಲೆಯಡಿಕೆಯ ಸಂಚಿಯನ್ನು ಹಿಡಿದಿದ್ದವರು. ಆಗ ಮೈಸೂರು ಅರಸರ ರಾಜಧಾನಿ ಶ್ರೀರಂಗಪಟ್ಟಣವೇ. ಅಂದರೆ, ಅಲಮೇಲಮ್ಮನು ಬಿಟ್ಟುಹೋದಳೆನ್ನುವ ಪಟ್ಟಣದಲ್ಲಿಯೇ, ಒಂದು ಶತಮಾನ ಕಳೆಯುವಷ್ಟರಲ್ಲಿ, ನಮ್ಮ ಕಡೆಯ ಒಬ್ಬ ಹೆಂಗಸು ಲೇಖನಿಯನ್ನು ಹಿಡಿದು ಪತಿವ್ರತೆಯ ಧರ್ಮವೇನೆಂದು ಬರೆದರು. ಹೆಣ್ಣಿನ ಹೊಟ್ಟೆಯಲ್ಲಿ ಹುಟ್ಟಿದವರು ಹೆಣ್ಣನ್ನು ಹೀನವಾಗಿ ಕಾಣುವುದು ಯಾವ ನ್ಯಾಯವೆಂದು ಅದರಲ್ಲಿಯೇ ಕೇಳಿದರು. ವಿಧೇಯತೆಯನ್ನು ಬೋಧಿಸುವ ಗ್ರಂಥದಲ್ಲಿಯೂ ಆ ಪ್ರಶ್ನೆಗೆ ಎಡೆ ಸಿಕ್ಕಿತು; ಏಕೆಂದರೆ ಬರೆದವರು ಹೆಂಗಸು.

ಈಚಿನ ಕಾಲದಲ್ಲಿ ಗಿರೀಶ ಕಾರ್ನಾಡರು ಬರೆದ ‘ನಾಗಮಂಡಲ’ವೂ ಇದೇ ದಾರಿಯದು. ಹಾವು ಗಂಡನ ರೂಪದಲ್ಲಿ ಇರುಳಿನಲ್ಲಿ ಬರುವ ಜಾನಪದ ಕಥೆಯನ್ನು ಭಯದ ಕಥೆಯಾಗಿ ಹೇಳಬಹುದಾಗಿದ್ದಿತು. ಮನೆಯೊಳಗೆ ಬೀಗ ಹಾಕಲ್ಪಟ್ಟ ಹೆಂಡತಿಯ ಕಡೆಯಿಂದ ಹೇಳಿದುದರಿಂದ ಅದು ಒಲವಿನ ಕಥೆಯಾಯಿತು. ಕಥೆಯೇ ಹೆಣ್ಣಿನ ರೂಪದಲ್ಲಿ ರಂಗಕ್ಕೆ ಬಂದು ತನ್ನನ್ನು ಹೇಳಿಕೊಳ್ಳುವಂತೆ ಅವರು ಮಾಡಿದ್ದಾರೆ.

ಹಾಗಾದರೆ ಮಾಲಂಗಿಯ ಕಥೆಯನ್ನು ತಿರುಗಿ ಹೇಳುವಾಗ ಗಮನಿಸಬೇಕಾದುದೇನು? ಮೊದಲನೆಯದು, ಆರಂಭವನ್ನು ಬದಲಾಯಿಸುವುದು. ಒಡೆಯರು ಒಡವೆ ಕೇಳಿದ ದಿನದಿಂದಲ್ಲ, ಗಂಡನ ಬೆನ್ನಿನ ವ್ರಣವನ್ನು ಹೆಂಡತಿಯು ಮೊದಲು ಕಂಡ ದಿನದಿಂದ ಹೇಳಬೇಕು. ಎರಡನೆಯದು, ಐತಿಹ್ಯದ ಸಂಗತಿಗಳನ್ನು ಕೆಡಿಸದೆ ಅವುಗಳ ಅರ್ಥವನ್ನು ಅವಳಿಂದ ಕೇಳುವುದು. ಮೂಗುತಿಯನ್ನೇ ನೋಡಿರಿ. ಅರಮನೆಯ ಕಡೆಯಿಂದ ನೋಡಿದರೆ, ಎಲ್ಲವನ್ನೂ ಕೇಳಿದಾಗ ಒಂದನ್ನು ಮಾತ್ರ ಕೊಟ್ಟ ಹಟಮಾರಿತನ. ಅವಳ ಕಡೆಯಿಂದ ನೋಡಿದರೆ ಬೇರೆಯೇ ಕಾಣುತ್ತದೆ. ಮೂಗುತಿಯು ಮುತ್ತೈದೆಯ ಗುರುತು. ಗಂಡನು ತಲಕಾಡಿನಲ್ಲಿ ತೀರಿಕೊಂಡನೆಂದರೆ ಆ ಕಾಲದ ರೂಢಿಯಂತೆ ಅವಳು ಅದನ್ನು ಇಡುವಂತಿಲ್ಲ. ತಾನು ಇನ್ನು ತೊಡಲಾರದ ಮುತ್ತನ್ನು ಎಂದೆಂದಿಗೂ ಮುತ್ತೈದೆಯಾದ ರಂಗನಾಯಕಿಗೆ ಕಳುಹಿಸಿದಳು. ಅರಸನಿಗೆ ಕೊಟ್ಟ ಕಪ್ಪವಲ್ಲ, ತನ್ನ ದಾಂಪತ್ಯವನ್ನು ದೇವಿಯ ಮುಂದಿಟ್ಟು ಮುಗಿಸಿದುದು. ಇದು ನಮ್ಮ ಊಹೆ; ಆದರೆ ಐತಿಹ್ಯದ ಒಂದು ಎಳೆಯನ್ನೂ ಇದು ಕಡಿಯುವುದಿಲ್ಲ.

ಮೂರನೆಯದು, ಅವಳನ್ನು ಒಳ್ಳೆಯವಳನ್ನಾಗಿ ಮಾಡುವುದಕ್ಕೋಸ್ಕರ ಒಡೆಯರನ್ನು ರಾಕ್ಷಸರನ್ನಾಗಿ ಮಾಡಬಾರದು. ಒಡವೆಗಳು ದೇವಾಲಯಕ್ಕೆ ಸೇರಿದುವೆಂಬುದು ಅವರ ವಾದ, ತನಗೆ ಸೇರಿದುವೆಂಬುದು ಅವಳ ವಾದ. ಸತ್ಯವೇದದಲ್ಲಿ ಅಹಾಬ ರಾಜನು ನಾಬೋತನ ದ್ರಾಕ್ಷೆಯ ತೋಟವನ್ನು ಬಯಸಿದ ವೃತ್ತಾಂತವನ್ನು ನಮ್ಮ ವಿದ್ಯಾರ್ಥಿನಿಯರು ಬಲ್ಲರು. ದೊರೆಯಾದವನಿಗೆ ಎಲ್ಲವೂ ಇದ್ದಾಗ ಇನ್ನೊಬ್ಬರ ಒಂದು ವಸ್ತುವಿನ ಮೇಲೆಯೇ ಕಣ್ಣು ಬೀಳುವುದು ಎಲ್ಲ ದೇಶಗಳ ದುರ್ಬಲತೆ. ಅಹಾಬನೂ ಕಡೆಯಲ್ಲಿ ಗೋಣಿತಟ್ಟನ್ನು ಉಟ್ಟು ತಗ್ಗಿ ನಡೆದನೆಂದು ಅಲ್ಲಿ ಬರೆದಿದೆ. ಅಲಮೇಲಮ್ಮನ ಪ್ರತಿಮೆಯನ್ನು ಮಾಡಿಸಿದರೆನ್ನುವ ಒಡೆಯರಲ್ಲಿಯೂ ಅಂಥ ನೋವನ್ನು ಕಾಣಬೇಕು.

ಆ ಹುಡುಗಿಯ ಪ್ರಶ್ನೆಗೆ ಉತ್ತರವಾಗಿ ನಾವು ಬರೆದ ಕೆಲವು ಸಾಲುಗಳನ್ನು ಮಾದರಿಗಾಗಿ ಇಲ್ಲಿ ಕೊಡುತ್ತೇವೆ. ಇದು ಕಲ್ಪನೆಯೆಂಬುದನ್ನು ಮರೆಯಬಾರದು.

‘ಪಲ್ಲಕ್ಕಿ ಇಳಿದಾಗ ದೀಪ ಹಚ್ಚುವ ಹೊತ್ತು. ಕಾವಲಿನವನು ಎದ್ದು ನಿಂತು, ಪಟ್ಟಣವನ್ನು ಯಾರಿಗೆ ಒಪ್ಪಿಸಿದಿರಿ ತಾಯಿ ಎಂದು ಕೇಳಿದನು. ಅವಳು ಉತ್ತರ ಹೇಳಲಿಲ್ಲ. ಒಳಗೆ ಹೋಗಿ ಮಂಚದ ಕೆಳಗೆ ಕುಳಿತಳು. ರಾಯರು ಕಣ್ಣು ತೆರೆಯದೆ, ನೀನು ಬರಬಾರದಾಗಿತ್ತು, ಕೋಟೆ ಹೋಗುತ್ತದೆ ಎಂದರು. ಹೋಗಲಿ, ನಾನು ಲಗ್ನವಾದದ್ದು ಕೋಟೆಯನ್ನಲ್ಲ ಎಂದಳು. ಅವರು ನಕ್ಕರು, ನಕ್ಕದ್ದಕ್ಕೆ ನೋವಾಯಿತು. ಅವಳು ಬೆನ್ನಿನ ಬಟ್ಟೆಯನ್ನು ಸರಿಸಿ ಬೆಚ್ಚಗಿನ ನೀರಿನಿಂದ ಒರೆಸಿದಳು. ಅರಮನೆಯಲ್ಲಿ ಆ ಕೆಲಸಕ್ಕೆ ಊಳಿಗದವರಿದ್ದರು, ಇಲ್ಲಿ ಅವಳೊಬ್ಬಳೇ. ಮದುವೆಯಾದ ಇಷ್ಟು ವರುಷಗಳಲ್ಲಿ ಅವರಿಬ್ಬರ ನಡುವೆ ಬಾಗಿಲ ಹೊರಗೆ ನಿಂತವರು ಯಾರೂ ಇಲ್ಲದ ಮೊದಲನೆಯ ರಾತ್ರಿ ಅದಾಗಿತ್ತು. ಹೊಳೆಯ ಸದ್ದು ಕೇಳುತ್ತಿದ್ದಿತು. ಪಟ್ಟಣದಲ್ಲಿಯೂ ಇದೇ ಹೊಳೆ ಎಂದು ರಾಯರು ಅಂದರು. ಇದೇ ಹೊಳೆ ಎಂದು ಅವಳೂ ಅಂದಳು.’

ಇಷ್ಟನ್ನು ಓದಿದ ಮೇಲೆ ಮಡುವಿನ ದೃಶ್ಯ ಬಂದರೆ, ಓದುವವರಿಗೆ ದೆವ್ವದ ಭಯವಾಗುವುದಿಲ್ಲ. ಪರಿಚಯದ ಒಬ್ಬ ಹೆಂಗಸು ಹೋಗಿಬಿಟ್ಟಳಲ್ಲಾ ಎಂಬ ಸಂಕಟವಾಗುತ್ತದೆ.

ನಾಲ್ಕನೆಯ ಸಂಗತಿಯು ಎಲ್ಲಕ್ಕಿಂತ ಮುಖ್ಯವಾದದ್ದು. ತಂದೆತಾಯಿಗಳು ಇದನ್ನು ವಿಶೇಷವಾಗಿ ಆಲೋಚಿಸಬೇಕೆಂದು ಬೇಡುತ್ತೇವೆ. ತಿರುಗಿ ಹೇಳುವ ಕಥೆಯು ಮಡುವಿಗೆ ಬೀಳುವುದನ್ನು ಹೊಗಳಬಾರದು. ಐತಿಹ್ಯದಲ್ಲಿ ಅವಳ ಮಾತಿಗೆ ಬಲ ಬಂದದ್ದು ಅವಳು ಸತ್ತುದರಿಂದ. ಬದುಕಿದ್ದು ಅದೇ ಮಾತನ್ನು ಆಡಿದ್ದರೆ ಯಾರು ಕೇಳುತ್ತಿದ್ದರು? ಈ ಪಾಠವನ್ನು ನಮ್ಮ ಹೆಣ್ಣುಮಕ್ಕಳು ತಿಳಿಯದೆಯೇ ಕಲಿಯುತ್ತಾರೆ. ದುಃಖ ಬಂದಾಗ, ಅನ್ಯಾಯವಾದಾಗ, ಗಂಡನ ಮನೆಯಲ್ಲಿ ಮಾತು ನಡೆಯದಿದ್ದಾಗ, ನಾನು ಸತ್ತರೆ ಆಗ ಗೊತ್ತಾಗುತ್ತದೆ ಎಂದು ಹೇಳುವ ಹೆಣ್ಣುಮಕ್ಕಳನ್ನು ನಾವೆಲ್ಲರೂ ಕಂಡಿದ್ದೇವೆ. ಅದು ಮಾಲಂಗಿಯ ಮಡುವಿನಿಂದ ಬಂದ ಮಾತು. ಅದಕ್ಕೆ ಪ್ರತಿಯಾಗಿ ನಾವು ಅವರಿಗೆ ಸಂಕಮ್ಮನನ್ನು ತೋರಿಸಬೇಕು, ಹೊನ್ನಮ್ಮನವರನ್ನು ತೋರಿಸಬೇಕು. ಇಬ್ಬರೂ ಬದುಕಿದ್ದೇ ತಮ್ಮ ಮಾತನ್ನು ಆಡಿದರು. ದೇವರು ಕೊಟ್ಟ ಪ್ರಾಣವು ವಾದದಲ್ಲಿ ಗೆಲ್ಲುವುದಕ್ಕಾಗಿ ಎಸೆಯುವ ಕಲ್ಲಲ್ಲ.

ಆದುದರಿಂದ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಒಂದು ವಿಜ್ಞಾಪನೆ. ನಿಮ್ಮಲ್ಲಿ ಅನೇಕರು ಈಗ ತಾಯಂದಿರು, ಕೆಲವರು ಅಜ್ಜಿಯರು. ಮಕ್ಕಳು ಮಡುವಿನ ಕಥೆ ಹೇಳೆಂದು ಕೇಳಿದಾಗ ಹೇಳಿರಿ; ಬಿಡಬೇಡಿರಿ. ಮರಳು ಗಾಳಿಯಿಂದ ಬಂದಿತೆಂಬುದನ್ನೂ ಹೇಳಿರಿ. ಅವಳಿಗೆ ಎರಡು ಹೆಸರುಗಳಿದ್ದುವೆಂಬುದನ್ನು ಹೇಳಿರಿ. ಅವಳು ರಾಜ್ಯವನ್ನು ಬಿಟ್ಟು ಗಂಡನ ಹತ್ತಿರಕ್ಕೆ ಬಂದಳೆಂಬ ಕಡೆಯಲ್ಲಿ ಸ್ವಲ್ಪ ನಿಧಾನಿಸಿರಿ. ಹಿಂದಿನವರು ಅಲ್ಲಿ ನಿಲ್ಲದೆ ಹೋದರು. ಮುಗಿಸುವಾಗ ನಿಮ್ಮ ಮಗಳು ಏನಾದರೂ ಕೇಳಿದರೆ, ಕೆಲಸವಿದೆಯೆಂದು ಎದ್ದುಹೋಗದೆ, ಅವಳ ಮಾತು ಮುಗಿಯುವವರೆಗೆ ಕುಳಿತು ಕೇಳಿರಿ.